ಸೂವರ್ಡ್‌ನಿಂದ ಹಿಮನದಿಯವರೆಗೆ: ಒಂದು ಹಗಲಿನ ಬೋಟ್ ಪಯಣ

ಅಲಾಸ್ಕಾ ನೋಡಹೊರಟವರು ಸೂವರ್ಡ್‌ಗೆಂದು ಒಂದು ಪೂರ್ತಿ ಹಗಲು ತೆಗೆದಿಡಿ. ಆಂಕರೇಜ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ.; ಕಾರಿನಲ್ಲಿ ಎರಡೂವರೆ ಗಂಟೆ, ರೈಲಿನಲ್ಲಿ ನಾಲ್ಕರ ಮೇಲೆ. ಹಿಂದಿನ ರಾತ್ರಿಯೇ ಬಂದು ತಂಗಿದರೆ ಬೆಳಗಿನ ಬೋಟಿಗೆ ಓಡುವ ಗಡಿಬಿಡಿ ಇಲ್ಲ.

ಟಿಕೆಟ್ ಕೊಳ್ಳುವಾಗ ಒಂದೇ ಮಾತು ಕೇಳಿ: ಬೋಟ್ ಹಿಮನದಿಯವರೆಗೆ ಹೋಗುತ್ತದೆಯೇ? ಮೂರು–ನಾಲ್ಕು ಗಂಟೆಯ ಅಗ್ಗದ ಸುತ್ತು ರಿಸರಕ್ಷನ್ ಕೊಲ್ಲಿಯೊಳಗೇ ತಿರುಗಿ ಬಂದುಬಿಡುತ್ತದೆ. ಅಷ್ಟು ದೂರ ಹೋಗಿ ಹಾಗೆ ಮರಳುವುದು ನನಗಂತೂ ಒಪ್ಪದು. ಆರು ಗಂಟೆ ಅಥವಾ ಅದಕ್ಕೂ ದೊಡ್ಡ ಸುತ್ತುಗಳು ಕೆನೈ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ, ಹೋಲ್ಗೇಟ್ ಇಲ್ಲವೇ ಐಯಾಲಿಕ್ ಹಿಮನದಿಯ ಎದುರಿಗೇ ಒಯ್ಯುತ್ತವೆ.

ಕೊಲ್ಲಿ ದಾಟಿದರೆ ತೆರೆದ ಕಡಲು, ಅಲೆಗಳ ಆಟ. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವವರು ಹತ್ತುವ ಒಂದು ಗಂಟೆ ಮೊದಲೇ ಮಾತ್ರೆ ನುಂಗಲಿ. ಶುರುವಾದ ಮೇಲೆ ನುಂಗಿ ಫಲವಿಲ್ಲ. ಜುಲೈ ತಿಂಗಳಾದರೂ ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಟೊಪ್ಪಿಗೆ ಬೇಕು. ಸಸ್ಯಾಹಾರಿಗಳು ಚಟ್ನಿಪುಡಿ ಸವರಿದ ಚಪಾತಿ ಸುತ್ತಿಕೊಂಡು ಹೋಗುವುದು ಜಾಣತನ.

ಬೋಟಿನವರ ಭಾಷೆ ಮೊದಲೇ ಕಲಿತಿರಿ. ಧ್ವನಿವರ್ಧಕದಲ್ಲಿ ‘ಮೂರು ಗಂಟೆಗೆ ತಿಮಿಂಗಿಲ’ ಎಂದರೆ ಕೈಗಡಿಯಾರ ನೋಡಿಕೊಳ್ಳಬೇಡಿ! ಬೋಟಿನ ಮೂತಿ ಹನ್ನೆರಡು ಗಂಟೆ, ಬಲಮಗ್ಗುಲು ಮೂರು, ಎಡ ಒಂಬತ್ತು. ಹವಾಯಿಯಲ್ಲಿ ಚಳಿಗಾಲ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಮೇಯಲು ಇಲ್ಲಿಗೆ ಬರುತ್ತವೆ. ಕಾಣುವುದು ಅದೃಷ್ಟ. ಕಡಲ ನೀರುನಾಯಿಗಳು ಬಂದರಿನ ಬಳಿಯೇ ಅಂಗಾತ ತೇಲುತ್ತ, ಎದೆಯ ಮೇಲೆ ಚಿಪ್ಪು ಇಟ್ಟುಕೊಂಡು ತಿನ್ನುತ್ತಿರುತ್ತವೆ. ಚಿಸ್ವೆಲ್ ದ್ವೀಪಗಳ ಬಂಡೆಗಳಲ್ಲಿ ಕಡಲಸಿಂಹಗಳು. ಗಾಳಿ ನಿಮ್ಮತ್ತ ಬೀಸಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಸುದ್ದಿ. ಪಫಿನ್ ಹಕ್ಕಿಯಂತೂ ಹೊಟ್ಟೆಬಿರಿಯೆ ಮೀನು ತಿಂದು ಮೇಲೇಳಲಾರದೆ ಅಲೆಯಿಂದ ಅಲೆಗೆ ಪಟಪಟ ಬಡಿದುಕೊಳ್ಳುತ್ತದೆ. ದುರ್ಬೀನು ಮರೆಯಬೇಡಿ.

ಹಿಮಗೋಡೆಯ ಮುಂದೆ ಬೋಟ್ ಸಾಕಷ್ಟು ದೂರದಲ್ಲೇ ನಿಲ್ಲುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ್ದೀರಲ್ಲ, ಬಡಿತ ಕಂಡ ಮೇಲೆ ಸದ್ದು? ಹಾಗೆಯೇ ಇಲ್ಲಿ. ಗುಡುಗು ಕೇಳಿ ಫೋನ್ ಎತ್ತುವಷ್ಟರಲ್ಲಿ ಹಿಮದ ಹೋಳು ಆಗಲೇ ನೀರಿನಲ್ಲಿರುತ್ತದೆ. ಕಣ್ಣು ಗೋಡೆಯ ಮೇಲಿರಲಿ.

ಸಂಜೆ ಆರಕ್ಕೆ ದಡ ಸೇರಿದರೂ ಜೂನ್‌ನಲ್ಲಿ ಸೂರ್ಯ ಮುಳುಗಲು ಇನ್ನೂ ಐದು ಗಂಟೆ. ಕಾರಿದ್ದರೆ ಎಕ್ಸಿಟ್ ಹಿಮನದಿಯ ಕಡೆ ಹೋಗಿಬನ್ನಿ. ಈ ಉದ್ಯಾನದಲ್ಲಿ ರಸ್ತೆ ಇರುವುದು ಅಲ್ಲಿಗೆ ಮಾತ್ರ.