ಬ್ರೇಕಿನಲ್ಲಿ ಸುಡುವ ಡೀಸೆಲ್

ಲಾರಿಯ ಮೈಲೇಜಿನ ಮಾತು ಬಂದರೆ ಎಲ್ಲರ ಗಮನವೂ ಎಕ್ಸಲೇಟರ್ ಮೇಲೆ. ಕಾಲು ಹಗುರವಾಗಿರಲಿ ಎಂಬ ಬುದ್ಧಿವಾದ ತಪ್ಪೇನಲ್ಲ. ಆದರೆ ಲಾರಿಗಳ ಖರ್ಚುವೆಚ್ಚದ ಜತೆಗೇ ಬದುಕು ಸಾಗಿಸಿದ ನನಗೆ ಮನದಟ್ಟಾಗಿರುವುದು ಬೇರೆ: ಕೈಗೆ ಸಿಗುವಂಥ ಉಳಿತಾಯ ಇರುವುದು ಬ್ರೇಕಿನಲ್ಲಿ. ಲೆಕ್ಕ ಹಾಕಿಯೇ ನೋಡೋಣ. ಲೋಡ್ ಸೇರಿ 25 ಟನ್ ತೂಗುವ ಹತ್ತು ಚಕ್ರದ ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿದೆ ಎನ್ನಿ. ಅದು ಪೂರ್ತಿ ನಿಂತು, ಮತ್ತೆ ಅದೇ ವೇಗಕ್ಕೆ ಬರಲು ಸುಮಾರು 3.5 ಮೆಗಾಜೌಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಇದ್ದರೂ ಒಳ್ಳೆಯ ಎಂಜಿನ್ ಕೂಡ ಅದರ ಐದರಲ್ಲಿ ಎರಡು ಪಾಲನ್ನಷ್ಟೇ ಕೆಲಸಕ್ಕೆ ಹಚ್ಚುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದರೆ ಒಮ್ಮೆ ನಿಂತು ಹೊರಟರೆ ಹತ್ತಿರ ಹತ್ತಿರ ಕಾಲು ಲೀಟರ್ ಖರ್ಚು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ 20 ರೂಪಾಯಿಗೆ ಮೇಲೆ. ಆ ದುಡ್ಡೆಲ್ಲ ಬ್ರೇಕ್ ಡ್ರಮ್ಮಿನ ಕಾವಾಗಿ ಹೋಗಿರುತ್ತದೆ.

ಹಾಗಾಗಿ ಒಳ್ಳೆಯ ಡ್ರೈವರ್ ಎಂದರೆ ನನ್ನ ಪ್ರಕಾರ ದೂರ ನೋಡಿ ಓಡಿಸುವವನು. ಊರ ಮುಂದಿನ ಹಂಪ್, ಟೋಲ್ ಗೇಟ್, ಬಸ್ ನಿಂತಿರುವ ಕ್ರಾಸ್ ಇವು ಮುನ್ನೂರು ಮೀಟರ್ ದೂರದಲ್ಲೇ ಕಾಣುತ್ತವೆ. ಅಲ್ಲೇ ಕಾಲು ತೆಗೆದವನ ಲಾರಿ ತಾನಾಗಿ ನಿಧಾನವಾಗುತ್ತದೆ. ಸಿಗ್ನಲ್ ಹಸಿರಾಗುವ ಹೊತ್ತಿಗೆ ಇನ್ನೂ ಉರುಳುತ್ತಲೇ ಇರುತ್ತದೆ. ಕೊನೇ ಗಳಿಗೆಯವರೆಗೂ ಎಕ್ಸಲೇಟರ್ ಒತ್ತಿ ಆಮೇಲೆ ಬ್ರೇಕ್ ತುಳಿದವನು ಅಷ್ಟೇ ಹೊತ್ತಿನಲ್ಲಿ ಅಲ್ಲಿಗೇ ಬಂದು ಸೇರಿರುತ್ತಾನೆ. ಹೀಗೆ ಓಡಿಸಿದರೆ ಟೈಮಿಗೆ ಲೋಡ್ ಮುಟ್ಟುವುದಿಲ್ಲ ಎಂಬ ತಕರಾರು ಸಹಜ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿ.ಮೀ.; ಸರಾಸರಿ 60ರ ಬದಲು 70ರಲ್ಲಿ ಹೋದರೆ ಉಳಿಯುವುದು ಒಂದು ಗಂಟೆ. ಆ ಒಂದು ಗಂಟೆಯ ಎಷ್ಟೋ ಪಟ್ಟು ಹೊತ್ತು ಗೋಡೌನ್ ಮುಂದೆ ಅನ್‌ಲೋಡಿಂಗ್ ಸರದಿಗೆ ಕಾಯುವುದರಲ್ಲಿ ಕಳೆಯುತ್ತದೆ. ಇತ್ತ ವೇಗ 60ರಿಂದ 80ಕ್ಕೆ ಏರಿದರೆ ಎದುರುಗಾಳಿಯ ತಡೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಟಾರ್ಪಾಲ್ ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಇನ್ನೂ ಹೆಚ್ಚು.

ಮೇಂಟೆನೆನ್ಸನ್ನೂ ನಾನು ನೋಡುವುದು ಇದೇ ದೃಷ್ಟಿಯಿಂದ. ಯಾರೂ ತುಳಿಯದಿದ್ದರೂ ಲಾರಿಯನ್ನು ಸದಾ ಹಿಡಿದಿರುವ ಬ್ರೇಕುಗಳಿವೆ. ಗಾಳಿ ಕಡಿಮೆಯಾದ ಟೈರ್ ಅಂಥದ್ದು. ಅದರಲ್ಲೂ ಹಿಂದಿನ ಜೋಡಿ ಚಕ್ರಗಳ ಒಳಗಿನ ಟೈರ್. ಹೊರಗಿನದು ಭಾರ ಹೊತ್ತು ನಿಂತಿರುವುದರಿಂದ ಒಳಗಿನದು ಕುಗ್ಗಿರುವುದು ಕಣ್ಣಿಗೆ ಬೀಳುವುದಿಲ್ಲ. ರಾಡ್‌ನಿಂದ ಬಡಿದು ಸದ್ದು ಕೇಳುವ ರೂಢಿ ಪೂರ್ತಿ ಪಂಕ್ಚರ್ ಆದ ಟೈರನ್ನು ತೋರಿಸೀತು. 90 ಪಿಎಸ್‌ಐಗೂ 110 ಪಿಎಸ್‌ಐಗೂ ಇರುವ ವ್ಯತ್ಯಾಸವನ್ನು ತೋರಿಸಲಾರದು. ಅದಕ್ಕೆ ಗೇಜೇ ಬೇಕು, ಅದೂ ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಒಳಗಿನ ವಾಲ್ವಿಗೆ ಕೈ ಎಟುಕುವುದಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಒಂದು ಎಕ್ಸ್‌ಟೆನ್ಷನ್ ಹಾಕಿಸಿದರೆ ಆ ನೆಪವೂ ಉಳಿಯದು. ಇನ್ನೊಂದು, ಸರಿಯಾಗಿ ಬಿಡದೆ ಉಜ್ಜುತ್ತಿರುವ ಲೈನರ್. ಊಟಕ್ಕೆ ನಿಲ್ಲಿಸಿದಾಗ ಪ್ರತಿ ಹಬ್ಬಿನ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಬೇಕು. ಒಂದೇ ಚಕ್ರ ಉಳಿದವಕ್ಕಿಂತ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗಿನಲ್ಲಿ ಗ್ರೀಸ್ ಇಲ್ಲ ಎಂದರ್ಥ. ಏರ್ ಟ್ಯಾಂಕಿನ ನೀರನ್ನು ದಿನಾ ಬಿಡದೆ ಹೋದರೆ ವಾಲ್ವುಗಳಿಗೆ ತುಕ್ಕು ಹಿಡಿದು ಇದೇ ಗತಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಅಲೈನ್‌ಮೆಂಟ್‌ಗಳ ಬಗ್ಗೆ ಗ್ಯಾರೇಜಿನವರು ಹೇಳುತ್ತಲೇ ಇರುತ್ತಾರೆ, ನಾನು ಬೆಳೆಸುವುದಿಲ್ಲ.

ಬ್ರೇಕೇ ಶತ್ರುವಾದರೆ ಶಿರಾಡಿ ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಸುವುದೇ ಜಾಣತನವಲ್ಲವೇ ಎಂದು ಕೇಳಬಹುದು. ಈ ನಂಬಿಕೆಗೆ ಜೀವಗಳೇ ಹೋಗುವುದರಿಂದ ಇದಕ್ಕೆ ಬಿಡಿಸಿಯೇ ಉತ್ತರಿಸಬೇಕು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ, ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಇಂಜೆಕ್ಟರುಗಳಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಉಳಿಯಲು ಡೀಸೆಲ್ ಬೇಕೇ ಬೇಕು. ಸಣ್ಣ ಇಳಿಜಾರಿನಲ್ಲಿ ಗಾಡಿ ತುಸು ಹೆಚ್ಚು ದೂರ ಉರುಳೀತು, ನಿಜ. ಆದರೆ ಸಕಲೇಶಪುರ ದಾಟಿ ಗುಂಡ್ಯದ ಕಡೆಗೆ ಇಳಿಯುವಾಗ ವೇಗವನ್ನು ಹೇಗೂ ತಡೆಯಲೇಬೇಕು. ಗೇರೂ ಎಕ್ಸಾಸ್ಟ್ ಬ್ರೇಕೂ ತಡೆಯಬೇಕಾದ ಭಾರವನ್ನೆಲ್ಲ ಲೈನರ್‌ಗಳ ಮೇಲೆ ಹೊರಿಸಿದರೆ ಡ್ರಮ್ ಕಾದು, ಕೊನೆಗೆ ಎಷ್ಟು ತುಳಿದರೂ ಬ್ರೇಕ್ ಹಿಡಿಯುವುದಿಲ್ಲ. ಎಂಜಿನ್ನನ್ನೇ ಆಫ್ ಮಾಡುವವರಿಗೆ ಏರ್ ಕಂಪ್ರೆಸರೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ.

ಇಎಂಐ ಕಟ್ಟುವ ಗಾಡಿಯನ್ನು ಮೇಂಟೆನೆನ್ಸ್‌ಗೆಂದು ಒಂದು ದಿನ ನಿಲ್ಲಿಸುವುದೂ ನಷ್ಟವೇ ಎನ್ನುವ ಮಾಲೀಕರ ಕಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ತಿಂಗಳಿಗೆ 8,000 ಕಿ.ಮೀ. ಓಡುವ ಲಾರಿ 4ರ ಬದಲು 4.4 ಮೈಲೇಜ್ ಕೊಟ್ಟರೆ 180 ಲೀಟರಿಗೂ ಹೆಚ್ಚು ಉಳಿಯುತ್ತದೆ, ಅಂದರೆ 16,000 ರೂಪಾಯಿಗೂ ಮೇಲೆ. ಗೇಜ್ ಹಿಡಿಯಲು, ನೀರು ಬಿಡಲು ಗಾಡಿ ನಿಲ್ಲಿಸಬೇಕಾಗಿಯೂ ಇಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಎಲ್ಲವನ್ನೂ ಸೆನ್ಸರ್ ನೋಡಿಕೊಳ್ಳುತ್ತದೆ ಎಂಬ ಭರವಸೆಯೂ ಪೊಳ್ಳು. ಯಾವ ಸೆನ್ಸರೂ ಟೈರಿಗೆ ಗಾಳಿ ಹೊಡೆಯುವುದಿಲ್ಲ. ನನಗೆ ನಿಜಕ್ಕೂ ಕಳವಳ ಇರುವುದು ಟ್ರಿಪ್ಪಿಗೆ ಇಷ್ಟೇ ಡೀಸೆಲ್, ಉಳಿಸಿದ್ದು ಡ್ರೈವರಿಗೆ ಎಂಬ ಒಪ್ಪಂದದ ಬಗ್ಗೆ. ಉಳಿಸಿದವನಿಗೆ ಪಾಲು ಸಿಗಬೇಕಾದ್ದೇ ನ್ಯಾಯ. ಆದರೆ ಡೀಸೆಲ್ ಒಂದನ್ನೇ ಅಳೆದರೆ, ಘಾಟಿಯಲ್ಲಿ ನ್ಯೂಟ್ರಲ್ ಹಾಕುವವನಿಗೂ ದೂರ ನೋಡಿ ಓಡಿಸುವವನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಮೈಲೇಜ್ ಬರೆದಿಟ್ಟು, ಅದೇ ಪುಸ್ತಕದಲ್ಲಿ ಲೈನರ್ ಎಷ್ಟು ಕಿಲೋಮೀಟರ್ ಬಾಳಿತು ಎಂಬುದನ್ನೂ ಬರೆದು, ಎರಡರ ಮೇಲೂ ಡ್ರೈವರಿಗೆ ಪಾಲು ಕೊಡಬೇಕು.