ಹಸಿರು ಗುರಾಣಿತಿಗಣೆ: ಗುರುತು ಮತ್ತು ಜೀವನಚಕ್ರ

ಹೊಲದ ಬದುವಿನ ಹುಲ್ಲನ್ನೂ ಅವರೆಯ ಗೊನೆಗಳನ್ನೂ ನಿಧಾನವಾಗಿ ಪರಿಶೀಲಿಸಿದರೆ, ಗುರಾಣಿಯಾಕಾರದ ಹಸಿರು ಕೀಟವೊಂದು ನಮ್ಮ ಕಣ್ಣಿಗೆ ಬೀಳುವುದುಂಟು. ಮುಟ್ಟಿದೊಡನೆ ಅದು ಕಟುವಾಸನೆಯನ್ನು ಸೂಸುತ್ತದೆ. ಅದನ್ನು ಹೊಸಕಿಹಾಕಲು ಕೈ ಮುಂದಾಗುವುದು ಸಹಜ. ಆದರೆ ಗುರಾಣಿತಿಗಣೆಗಳಲ್ಲಿ ಬೆಳೆಯ ಶತ್ರುಗಳಿರುವಂತೆಯೇ ಮಿತ್ರರೂ ಇರುವುದರಿಂದ, ಮೊದಲು ಗುರುತನ್ನು ತಿಳಿಯಬೇಕು.

1758ರಲ್ಲಿ ಲಿನ್ನೇಯಸನು ವರ್ಣಿಸಿದ ಈ ಕೀಟದ ಇಂದಿನ ಶಾಸ್ತ್ರೀಯ ನಾಮ ನೆಜಾರ ವಿರಿಡುಲ. ಇದರ ಉದ್ದ ಸುಮಾರು 12ರಿಂದ 17 ಮಿಲಿಮೀಟರು. ಕುಡಿಮೀಸೆಗಳಿಗೆ ಐದೈದು ಗೆಣ್ಣುಗಳು. ಬೆನ್ನಿನ ತ್ರಿಕೋನ ಫಲಕದ ಮುಂದಿನ ಅಂಚಿನಲ್ಲಿ ಸಾಲಾಗಿ ಮೂರು ಬಿಳಿಯ ಚುಕ್ಕೆಗಳೂ, ಎರಡು ಮೂಲೆಗಳಲ್ಲಿ ಒಂದೊಂದು ಕಪ್ಪು ಚುಕ್ಕೆಯೂ ಇರುತ್ತವೆ. ಬಣ್ಣವೊಂದನ್ನೇ ನಂಬಲಾಗದು, ಶೀತಪ್ರದೇಶಗಳಲ್ಲಿ ಚಳಿಗಾಲವನ್ನು ಕಳೆಯುವಾಗ ಇದು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ತಾಯಿಕೀಟವು ಎಲೆಯ ತಳಭಾಗದಲ್ಲಿ ಸಾಮಾನ್ಯವಾಗಿ 30ರಿಂದ 130 ಮೊಟ್ಟೆಗಳನ್ನು ಒತ್ತಾಗಿ ಜೋಡಿಸುತ್ತದೆ. ಒಂದೊಂದೂ ಮುಚ್ಚಳವುಳ್ಳ ಪುಟ್ಟ ಪೀಪಾಯಿಯಂತಿದ್ದು, ಬಲಿತಂತೆ ಕೆನೆಬಣ್ಣದಿಂದ ಕೆಂಪಿಗೆ ತಿರುಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಐದಾರು ದಿನಗಳಿಗೆ ಮರಿಗಳು ಹೊರಬರುತ್ತವೆ. ಮೊದಲ ಹಂತದ ಮರಿಗಳು ಆಹಾರ ಸೇವಿಸದೆ ಮೊಟ್ಟೆಯ ಸಿಪ್ಪೆಗಳ ಮೇಲೆಯೇ ಗುಂಪಾಗಿರುತ್ತವೆ. ಚಿಟ್ಟೆಗಿರುವಂತೆ ಇದಕ್ಕೆ ಕೋಶಾವಸ್ಥೆಯಿಲ್ಲ. ಐದು ಸಲ ಪೊರೆ ಕಳಚಿ, ಸುಮಾರು ಐದು ವಾರಗಳಲ್ಲಿ ಅದು ರೆಕ್ಕೆಯುಳ್ಳ ಪ್ರೌಢಕೀಟವಾಗುತ್ತದೆ. ಎಳೆಯ ಕಾಯಿಗಳನ್ನೂ ಹಾಲುಗಾಳನ್ನೂ ಚುಚ್ಚಿ ರಸ ಹೀರುವುದರಿಂದ ಕಾಳು ಮುರುಟಿಹೋಗುತ್ತದೆ.

ಇನ್ನು ಮಿತ್ರನ ವಿಷಯ. ಯೊಕ್ಯಾಂಥಿಕೋನ ಫರ್ಸೆಲ್ಲಾಟ ಎಂಬ ಗುರಾಣಿತಿಗಣೆಯು ನಮ್ಮ ದೇಶದಲ್ಲಿಯೂ ಇದ್ದು, ಬೆಳೆ ತಿನ್ನುವ ಹುಳುಗಳನ್ನು ಬೇಟೆಯಾಡುತ್ತದೆ. ಇದರ ಭುಜಗಳಲ್ಲಿ ಮುಳ್ಳುಗಳಿವೆ. ಆದರೆ ರಸ ಹೀರುವ ಕೆಲವು ತಿಗಣೆಗಳಿಗೂ ಮುಳ್ಳುಗಳಿರುವುದರಿಂದ, ಕೀಟವನ್ನು ಮಗುಚಿ, ಭೂತಗನ್ನಡಿಯಲ್ಲಿ ಮೂತಿಯನ್ನೇ ನೋಡಬೇಕು. ಸಸ್ಯರಸ ಹೀರುವುದರ ಮೂತಿ ಸಪೂರವಾಗಿ ತಲೆಯ ಅಡಿಗೆ ಅಂಟಿಕೊಂಡಿರುತ್ತದೆ. ಬೇಟೆಗಾರನದು ದಪ್ಪನಾಗಿದ್ದು, ಬುಡದಿಂದಲೇ ಬಿಡಿಯಾಗಿ ಮುಂದಕ್ಕೆ ಚಾಚಬಲ್ಲುದು.

ನೆಜಾರದ ಮೊಟ್ಟೆಗಳಿಗೂ ವೈರಿಗಳುಂಟು. ಟ್ರಿಸೋಲ್ಕಸ್ ಬಸಾಲಿಸ್ ಎಂಬ ಅತಿ ಸಣ್ಣ ಕಣಜವು ಅವುಗಳೊಳಗೆ ತನ್ನ ಮೊಟ್ಟೆಯಿಡುತ್ತದೆ. ಈ ತಿಗಣೆಯ ಹಾವಳಿಯನ್ನು ತಡೆಯಲು 1933ರಲ್ಲಿ ಅದನ್ನು ಈಜಿಪ್ಟಿನಿಂದ ಆಸ್ಟ್ರೇಲಿಯಕ್ಕೆ ಒಯ್ದರು. ಇಂತಹ ಕಣಜಗಳು ಹೊಕ್ಕ ಮೊಟ್ಟೆಗಳು ಕಪ್ಪಾಗುತ್ತವೆ. ಕಪ್ಪಾದ ಮೊಟ್ಟೆಗಳನ್ನು ಕಂಡಾಗ ನಾವು ಎಲೆಯನ್ನು ಕೀಳದೆ ಬಿಡುವುದೇ ಲೇಸು; ಅದರಿಂದ ಹೊರಬರುವುದು ಬೆಳೆಯ ವೈರಿಯಲ್ಲ, ರಕ್ಷಕ.