ಗುಹೆಯ ಎರಡು ಚಿಮ್ಮಂಡೆಗಳು

ಇರುಳಿನಲ್ಲಿ ಗೋಡೆಯ ಸಂದಿನಲ್ಲಿ ಕುಳಿತು, ರೆಕ್ಕೆಗಳನ್ನು ಉಜ್ಜಿ ಸದ್ದು ಮಾಡುವ ಚಿಮ್ಮಂಡೆಯನ್ನು ಅರಿಯದವರಿಲ್ಲ. ಅದರ ದೂರದ ಬಂಧುಗಳಾದ ಗುಹಾ ಚಿಮ್ಮಂಡೆಗಳು ಹಾಗೆ ಹಾಡಲಾರವು. ಅವುಗಳಿಗೆ ರೆಕ್ಕೆಗಳಿಲ್ಲ, ಹಾಡನ್ನು ಕೇಳಲು ಕಿವಿಗಳೂ ಇಲ್ಲ. ಗೂನುಬೆನ್ನು, ನೀಳವಾದ ಕಾಲುಗಳು, ದೇಹಕ್ಕಿಂತ ಉದ್ದವಾದ ಮೀಸೆಗಳು ಇವೇ ಅವುಗಳ ಗುರುತು.

ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟಕಿ ರಾಜ್ಯದಲ್ಲಿರುವ ಮ್ಯಾಮತ್ ಗುಹೆಯು ಜಗತ್ತಿನಲ್ಲಿ ತಿಳಿದಿರುವ ಗುಹೆಗಳಲ್ಲೆಲ್ಲ ಉದ್ದವಾದುದು. ಅಳೆದಿರುವ ಹಾದಿಗಳೇ 680 ಕಿಲೋಮೀಟರನ್ನು ಮೀರುತ್ತವೆ. ಅಲ್ಲಿ ಒಂದೇ ಕುಟುಂಬಕ್ಕೆ ಸೇರಿದ ಎರಡು ಚಿಮ್ಮಂಡೆಗಳು ವಾಸಿಸುತ್ತವೆ. ಒಂದು ಹ್ಯಾಡಿನೀಕಸ್, ಇನ್ನೊಂದು ಸ್ಯೂಥೋಫಿಲಸ್. ಎರಡನ್ನೂ 1861ರಲ್ಲಿ ಸ್ಯಾಮ್ಯುಯೆಲ್ ಸ್ಕಡರ್ ಎಂಬ ವಿಜ್ಞಾನಿಯು ಮೊದಲ ಬಾರಿಗೆ ವರ್ಣಿಸಿದನು.

ಬೆಳಕಿಲ್ಲದ ಗುಹೆಯೊಳಗೆ ಹಸುರು ಚಿಗುರುವುದಿಲ್ಲ. ಆದುದರಿಂದ ಎರಡೂ ಆಹಾರಕ್ಕಾಗಿ ರಾತ್ರಿ ಹೊರಗಿನ ಕಾಡಿಗೆ ಬರಲೇಬೇಕು. ಆದರೆ ಬರುವ ಬಗೆ ಬೇರೆ. ಈ ಕೀಟಗಳ ಅನ್ನನಾಳದಲ್ಲಿ ತಿಂದುದನ್ನು ಕೂಡಿಡುವ ಚೀಲವೊಂದಿದೆ. ಹ್ಯಾಡಿನೀಕಸ್ ತನ್ನ ಬರಿಹೊಟ್ಟೆಯ ತೂಕಕ್ಕಿಂತಲೂ ಹೆಚ್ಚಿನ ಆಹಾರವನ್ನು ಒಂದೇ ರಾತ್ರಿಯಲ್ಲಿ ಅದರೊಳಗೆ ತುಂಬಿಕೊಳ್ಳಬಲ್ಲುದು. ಬಕಾಸುರನಿಗೂ ಇದು ಸಾಧ್ಯವಿತ್ತೋ ಇಲ್ಲವೋ! ಬಳಿಕ ಅದು ಗುಹೆಯ ಚಾವಣಿಗೆ ಅಂಟಿಕೊಂಡು, ಆ ಬುತ್ತಿಯನ್ನು ಹತ್ತು ಹನ್ನೆರಡು ದಿನಗಳವರೆಗೆ ನಿಧಾನವಾಗಿ ಅರಗಿಸುತ್ತದೆ. ಹೊರಗೆ ಇಲಿಗಳ ಭಯವುಂಟು. ಒಣಗಾಳಿಯು ಅದರ ತೆಳುವಾದ ಮೈಯ ನೀರನ್ನು ಹೀರಿಬಿಡುತ್ತದೆ. ಹೊರಗೆ ಹೋಗುವುದು ಕಡಮೆಯಾದಷ್ಟೂ ಜೀವಕ್ಕೆ ಕ್ಷೇಮ.

ಸ್ಯೂಥೋಫಿಲಸ್‌ಗೆ ಈ ಸೌಕರ್ಯವಿಲ್ಲ. ಅದರ ಚೀಲವು ಒಂದೆರಡು ದಿನಗಳಲ್ಲಿ ಬರಿದಾಗುವುದರಿಂದ ಅದು ಹೆಚ್ಚು ಕಡಮೆ ಪ್ರತಿರಾತ್ರಿಯೂ ಹೊರಡಬೇಕು. ಅದಕ್ಕೇ ಗುಹೆಯ ಬಾಯಿಯ ಬಳಿಯಲ್ಲೇ ಅದರ ಬಿಡಾರ. ಮೈ ದಪ್ಪ, ಬಣ್ಣ ಕಂದು. ಅದಕ್ಕೆ ಗುಹೆಯೆಂದರೆ ಹಗಲು ಕಳೆಯುವ ತಂಗುದಾಣ. ಮಸುಕು ಬಣ್ಣದ, ನೀಳಕಾಲಿನ ಹ್ಯಾಡಿನೀಕಸ್‌ಗಾದರೋ ಅದು ಮನೆ.

ಈ ವ್ಯತ್ಯಾಸದ ಫಲವು ಗುಹೆಯ ಇತರ ಜೀವಿಗಳಿಗೂ ತಲಪುತ್ತದೆ. ಹ್ಯಾಡಿನೀಕಸ್ ಹೊರಗೆ ಉಂಡುದು ಒಳಗೆ ಹಿಕ್ಕೆಯಾಗಿ ಬೀಳುತ್ತದೆ. ಅದನ್ನು ನಂಬಿ ಬದುಕುವ ಸಣ್ಣ ಪ್ರಾಣಿಗಳು ಹಲವು. ಹೆಣ್ಣು ಚಿಮ್ಮಂಡೆಯು ಇನ್ನೂ ಒಳಕ್ಕೆ ನಡೆದು ಮರಳಿನಲ್ಲಿ ಮೊಟ್ಟೆ ಹುದುಗಿಸುತ್ತದೆ. ಅಲ್ಲಿ ಕಣ್ಣಿಲ್ಲದ ದುಂಬಿಯೊಂದು ಮರಳನ್ನು ತೋಡಿ ಆ ಮೊಟ್ಟೆಗಳನ್ನು ಹುಡುಕಿ ತಿನ್ನುತ್ತದೆ. ಕಾಡನ್ನು ಎಂದೂ ಕಾಣದ ಆ ದುಂಬಿಗೆ ಕಾಡಿನ ಅನ್ನವು ದೊರೆಯುವುದು ಹೀಗೆ. ಅದರ ಹಿಕ್ಕೆಯೂ ವ್ಯರ್ಥವಾಗುವುದಿಲ್ಲ. ಇನ್ನೂ ಸಣ್ಣ ಜೀವಿಗಳಿಗೆ ಅದೇ ಊಟ.

ಸ್ಯೂಥೋಫಿಲಸ್ ಇಷ್ಟು ದೂರ ಆಹಾರವನ್ನು ಒಯ್ಯದು. ಅದರ ಹಿಕ್ಕೆಯೆಲ್ಲ ಬಾಗಿಲಲ್ಲೇ ಉಳಿಯುತ್ತದೆ. ಆದುದರಿಂದ ಕಲ್ಲು ಕುಸಿದು ಗುಹೆಯ ಬಾಯಿ ಮುಚ್ಚಿಹೋದರೆ ಅದು ಬೇರೆ ನೆರಳನ್ನು ಅರಸೀತು. ಒಳಗಿನ ದುಂಬಿಗೆ ಮಾತ್ರ ಬೇರೆ ದಾರಿಯಿಲ್ಲ. ಗುಹೆಯ ಬಾಯಿಗೆ ಬಾಗಿಲಿಡುವವರು ಹ್ಯಾಡಿನೀಕಸ್ ನುಸುಳುವಷ್ಟು ಸಂದನ್ನಾದರೂ ಉಳಿಸಬೇಕಾಗುತ್ತದೆ.